ಮುಳುಗಿದ ಮನೆಯ ಬಾಗಿಲು

ಸಿಂಚನಾ,

ಏಳು ಗಂಟೆ ಬಸ್ಸಿಗೆ ಕೊಣನೂರಿಗೆ ಹೋಯ್ತಿದೀನಿ, ತಂಗಿ ಮನೆಗೆ. ಸಂಜೆ ಬತ್ತೀನಿ. ಉಪ್ಸಾರು ಒಲೆ ಪಕ್ಕ ಮುಚ್ಚಿಟ್ಟಿದೀನಿ, ಬಿಸಿ ಮಾಡ್ಕೊಂಡು ಉಣ್ಣು. ನೆನೆಹಾಕಿರೋ ಅವರೆಕಾಳು ಹಿಸುಕಿಡು. ಮೊಬೈಲ್ ನೋಡ್ತಾ ಕೂತು ಮರ್ತುಬಿಟ್ಟೀಯ!

ಇಸ್ಕೂಲಿಗೆ ಅಂತ ಜೇಡಿಮಣ್ಣಲ್ಲಿ ನಮ್ಮೂರು ಮಾಡಿದೀಯಲ್ಲ, ಚೆನ್ನಾಗೈತೆ. ಹೇಮಾವತಿ ಡ್ಯಾಮಿನ ನೀರಲ್ಲಿ ಮುಳುಗಿದ ಊರನ್ನ ಮತ್ತೆ ನೋಡ್ತೀನಿ ಅಂದ್ಕೊಂಡೇ ಇರಲಿಲ್ಲ. ಬಾವಿ ಮಾತ್ರ ಗುಡಿ ಹಿಂದಕ್ಕೆ ಇಡು. ಮುಂದೆ ಇರಲಿಲ್ಲ.

ನಮ್ಮನೆಗೆ ನೀನು ಅಂಟಿಸಿದ್ದ ಬೆಂಕಿಕಡ್ಡಿ ಬಾಗಿಲು ಕಿತ್ತಿದ್ದು ನಾನೇ. ಪಾಪ, ಬೆಕ್ಕನ್ನ ಬೈಬೇಡ.

ನಿನ್ನೆ "ಬಾಗಿಲು ಹೆಂಗಿತ್ತಜ್ಜಿ" ಅಂತ ಕೇಳಿದಾಗ ನಾನು ಅವರೆಕಾಳು ನೆನೆಹಾಕೋಕೆ ಎದ್ದೆ. "ಏನು ಕೇಳಿದ್ರೂ ಹೇಳಲ್ಲ ನೀನು" ಅಂತ ನೀನು ರೇಗಿದೆ. ಎದುರಿಗೆ ಕೂತು ಹೇಳೋಕೆ ಬಾಯಿ ಬರಲ್ಲ ನಂಗೆ, ಅದಕ್ಕೇ ಬರೀತಿದೀನಿ.

ಊರು ಬಿಡೋ ದಿನ ನಮ್ಮಪ್ಪ ಹೆಬ್ಬಾಗಿಲನ್ನ ಚೌಕಟ್ಟಿನ ಸಮೇತ ಬಿಚ್ಚಿ ಗಾಡಿಗೆ ಹೇರಿದ್ರು. ಹೆಂಚು, ತೊಲೆ ಎಲ್ಲಾನೂ ಬಿಚ್ಕೊಂಡು ಬಂದ್ವಿ. ಬೀದಿ ಉದ್ದಕ್ಕೂ ಎಲ್ಲರೂ ಹಂಗೇ ಮಾಡಿದ್ರು. ನೀರು ಬಂದಾಗ ನಮ್ಮನೆಗೆ ಬಾಗಿಲೇ ಇರಲಿಲ್ಲ ಕಣವ್ವ. ಅದಕ್ಕೇ ನೀನು ಮಾಡಿರೋ ಮನೆಗೂ ಇಡಬೇಡ, ಹಂಗೇ ಬಿಡು.

ಆ ಬಾಗಿಲು ಎಲ್ಲೈತೆ ಅಂತೀಯಾ? ನಿನ್ನೆ ರೂಮಿಗೆ ಓಡೋಗಿ ನನ್ನ ಮುಖದ ಮೇಲೆ ದಢಾರ್ ಅಂತ ಹಾಕ್ಕೊಂಡ್ಯಲ್ಲ, ಅದೇ.

ಇನ್ಮೇಲೆ ಮೆತ್ತಗೆ ಹಾಕು.

ಅಜ್ಜಿ