ಒಡೆಯುವ ಮುನ್ನ ಗುಡಿಸಿದ್ದು

ಗ್ರೆನೋ, ಡೆನ್ಮಾರ್ಕ್
ಶುಕ್ರವಾರ

ರಾಗ್ನಿಲ್ ಅಕ್ಕಾ,

ಅಪ್ಪನ ದೋಣಿಯ ಕಥೆ ಇವತ್ತು ಬೆಳಿಗ್ಗೆ ಮುಗಿಯಿತು. ಮೀನುಗಾರಿಕೆ ಬಿಡಲು ಸರ್ಕಾರ ಕೊಟ್ಟ ಪರಿಹಾರ ತೆಗೆದುಕೊಂಡ ಮೇಲೆ ಒಡೆಸಲೇಬೇಕೆಂದು ಗೊತ್ತಿತ್ತು, ಆದರೂ ಕಣ್ಣಾರೆ ನೋಡುವುದು ಕಷ್ಟ.

ಒಡೆಯುವ ಯಂತ್ರ ಬಂದು ನಿಂತರೂ ಸೀವರ್ತ್ ಚಿಕ್ಕಪ್ಪ ಕೆಳಗಿಳಿಯಲಿಲ್ಲ. ಪೊರಕೆ ಹಿಡಿದು ದೋಣಿಯ ಮೂಲೆಮೂಲೆ ಗುಡಿಸಿದ, ಕಾಫಿ ಲೋಟ ತೊಳೆದು ಕವುಚಿಟ್ಟ.

"ಏನಜ್ಜಾ, ಇನ್ನೇನು ಸೌದೆ ಆಗೋದನ್ನ ಯಾಕೆ ಗುಡಿಸ್ತಿದೀಯ?" ಅಂತ ಯಂತ್ರದವನು ನಕ್ಕ.

"ನಾರ್ವೆಯವರು ಗಲೀಜು ದೋಣಿ ತಂದ್ರು ಅಂತ ನೀವು ಆಡ್ಕೋಬಾರ್ದಲ್ಲಪ್ಪ," ಅಂದ ಚಿಕ್ಕಪ್ಪ.

ಯಂತ್ರದವನು ಮತ್ತೆ ನಗಲಿಲ್ಲ. ಇಂಜಿನ್ ಆರಿಸಿ, ಚಿಕ್ಕಪ್ಪ ಇಳಿಯುವ ತನಕ ಕಾದ.

ಒಂದು ಹಲಗೆಯೂ ಕೊಳೆತಿರಲಿಲ್ಲ ಅಕ್ಕ. ಸೀಳಿದಾಗ ಹೊಸ ಮರದ ವಾಸನೆ ಬಂತು.

ನೆಗಡಿ ಬಿಟ್ಟರೆ ನಾನು ಆರೋಗ್ಯವಾಗಿದ್ದೇನೆ. ಚಿಕ್ಕಪ್ಪ ಊಟ ಮುಟ್ಟಿಲ್ಲ. ನಾಳೆ ಹಡಗಿನಲ್ಲಿ ಊರಿಗೆ ಹೋಗೋಣವೆಂದರೆ, "ಇನ್ನೊಬ್ಬರು ನಡೆಸೋ ಹಡಗಲ್ಲಿ ಮೂಟೆ ಥರ ಕೂತ್ಕೊಂಡು ಬರಲ್ಲ, ರೈಲು ನೋಡು" ಅಂದ. ಹುಟ್ಟಿದಾಗಿನಿಂದ ರೈಲು ಹತ್ತಿದವನಲ್ಲ ಅವನು. ಗುರುವಾರ ನಿಲ್ದಾಣಕ್ಕೆ ನೀನೊಬ್ಬಳೇ ಬಾ. ಅವನು ರೈಲಿಳಿಯುವುದನ್ನು ಊರವರು ನೋಡುವುದು ಬೇಡ. ಈ ಕಾರ್ಡಿನಲ್ಲಿ ಇನ್ನು ಬರೆಯಲು ಜಾಗವಿಲ್ಲ.

ಟೂರೆ