ಕಾಲು

೨೦೦೧ ಮೇ ೪, ಶುಕ್ರವಾರ
ಬೆಳಿಗ್ಗೆ ಊಟದ ಟೇಬಲ್ ಮೇಲೆ ಮತ್ತೆ ಅಭ್ಯಾಸ. ಬಿಳಿ ಚಿಪ್ ಒಂದು ಡಾಲರು, ಕೆಂಪು ಐದು, ಹಸಿರು ಇಪ್ಪತ್ತೈದು, ಕಪ್ಪು ನೂರು. ಕ್ಯಾಸಿನೊದಲ್ಲಿ ನನ್ನ ಪೋಕರ್ ಟೇಬಲ್ಲಿನಲ್ಲಿ ಒಂದು ಸಲಕ್ಕೆ ಇನ್ನೂರರ ಮೇಲೆ ಕಟ್ಟುವಂತಿಲ್ಲ. "ಉಡುಪಿಯಲ್ಲಿ ನಿನ್ನ ಅಮ್ಮನಿಗೆ ಗೊತ್ತಾದರೆ?" ಅಂತ ಇವರಿಗೆ ನಗು. ನಗಲಿ. ಇವರ ಕಂಪನಿ ಫೆಬ್ರವರಿಯಲ್ಲೇ ಬಾಗಿಲು ಹಾಕಿತು. ಮಗಳು ನಿಶ್ಮಿತಾಳ ಇನ್ಸುಲಿನ್ನಿಗೆ ಇನ್ನು ನನ್ನ ಇಸ್ಪೀಟು ಹಂಚುವ ಡೀಲರ್ ಕೆಲಸವೇ ಗತಿ. ತೊಂಬತ್ತು ದಿನ ತಪ್ಪಿಲ್ಲದೆ ಕಳೆದರೆ ಇನ್ಶೂರೆನ್ಸು. ಇವತ್ತಿಗೆ ಅರವತ್ತೊಂದು.

ರೂಲ್ಸು ಎರಡು ಸಲ ಓದಿದೆ. ಬಾಯಿಂದ ಬಂದರೆ ಮುಗಿಯಿತು — "ಕಾಲ್" ಅಂದವನು ಎದುರಿನವನು ಕಟ್ಟಿದಷ್ಟನ್ನು ಕಟ್ಟಲೇಬೇಕು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಿದ ಡೀಲರ್ ಅವತ್ತೇ ಮನೆಗೆ.

ಮೇ ೧೧
ದೇವೇಂದ್ರಪ್ಪನವರು ನನ್ನ ಟೇಬಲ್ಲಿಗೇ ಬಂದು ಕೂತರು! ಕನ್ನಡ ಕೂಟದ ಯುಗಾದಿ ಪಾಟ್‌ಲಕ್ ಊಟದಲ್ಲಿ ಪರಿಚಯ. ಧಾರವಾಡದವರು, ಕ್ಯುಪರ್ಟಿನೋದಲ್ಲಿ ಮಗನ ಮನೆ. ಇಂಗ್ಲಿಷು ಕಾಲ್, ಫೋಲ್ಡ್, ರೇಯ್ಸ್ — ಮೂರೇ. "ಏನವಾ ಸುಗುಣಾ, ನೀ ಇಲ್ಲಿ?" ತಲೆ ಎತ್ತದೆ ಇಸ್ಪೀಟು ಹಂಚುತ್ತಾ ಹೋದೆ.

ಬ್ರೇಕಿನಲ್ಲಿ ಪಾರ್ಕಿಂಗ್ ಲಾಟಲ್ಲಿ ಕೈಮುಗಿದೆ. "ಒಳಗೆ ಕನ್ನಡ ಬೇಡ ಸರ್... ನನ್ನ ಕೆಲಸ ಹೋಗ್ತದೆ."
"ಆತು ಬಿಡವಾ. ಇನ್ನ ನಿನ್ನ ಗುರ್ತೇ ಇಲ್ಲ ನನಗ." ನಕ್ಕರು. ಒಳ್ಳೆಯ ಮುದುಕರು.

ಮೇ ೨೨, ಸಂಜೆ ೬
ಮನೆಗೆ ಬಂದವಳೇ ಇದನ್ನು ಬರೆಯುತ್ತಿದ್ದೇನೆ.

ಮಧ್ಯಾಹ್ನ ಎರಡೂವರೆ ಇರಬೇಕು. ಬೇಸ್‌ಬಾಲ್ ಟೋಪಿಯವನು ಎರಡು ಕಪ್ಪು ಚಿಪ್ ಮುಂದೆ ತಳ್ಳಿದ. ದೇವೇಂದ್ರಪ್ಪ ಆಟ ಬಿಟ್ಟು ಎಲೆ ಬಿಸಾಡುವುದರಲ್ಲಿದ್ದರು. ಇದ್ದಕ್ಕಿದ್ದಂತೆ ತೊಡೆ ಹಿಡಿದುಕೊಂಡು "ಕಾಲು!" ಅಂದರು.

"ಕಾಲ್ ಅಂದ," ಟೋಪಿಯವನು ಕೂಗಿದ. ಟೇಬಲ್ಲುಗಳ ಮೇಲ್ವಿಚಾರಕ ಫ್ಲೋರ್ ಮ್ಯಾನ್ ಬಂದು ನನ್ನನ್ನೇ ಕೇಳಿದ — ಏನಂದರು? ಅಷ್ಟು ಜನರಲ್ಲಿ ನನಗೊಬ್ಬಳಿಗೇ ಗೊತ್ತು. ದೇವೇಂದ್ರಪ್ಪ ನನ್ನ ಕಡೆ ತಿರುಗಿ ಬಾಯಿ ತೆರೆದರು... ಹಾಗೇ ಮುಚ್ಚಿಕೊಂಡರು.

"ಕಾಲ್," ಅಂದೆ.

ಅವರ ಇನ್ನೂರು ಹೋಯಿತು. ಜಗಳವಾಡಲಿಲ್ಲ. ಶಿಫ್ಟು ಮುಗಿಸಿ ಹೊರಟಾಗಲೂ ಗೋಡೆ ಪಕ್ಕದ ಕುರ್ಚಿಯಲ್ಲಿ ಕಾಲು ತಿಕ್ಕುತ್ತಾ ಕೂತಿದ್ದರು. ಕ್ಯಾಮೆರಾ ಕೆಳಗೆ. ಮಾತಾಡಿಸದೆ ಬಂದೆ. ಹೇಡಿ ನಾನು.

ಮೇ ೨೩
ದೇವೇಂದ್ರಪ್ಪನವರಿಗೆ ಫೋನು ಮಾಡಲಿಲ್ಲ.

ಮೇ ೩೦
ಗ್ರೋಸರಿಯಲ್ಲಿ ಊರ್ಮಿಳಾ ಸಿಕ್ಕಳು, ಕನ್ನಡ ಕೂಟದವಳು. ದೇವೇಂದ್ರಪ್ಪನವರ ಕಾಲು ತೆಗೆದರಂತೆ. ಮಂಡಿಯ ಮೇಲಕ್ಕೆ. ರಕ್ತ ಹೆಪ್ಪುಗಟ್ಟಿ... ಅವತ್ತು ರಾತ್ರಿ ಎಂಟಕ್ಕೆ ಮಗ ಕರೆದೊಯ್ದನಂತೆ. "ಮಧ್ಯಾಹ್ನವೇ ಬಂದಿದ್ರೆ ಉಳೀತಿತ್ತು ಅಂದ್ರಂತೆ ಡಾಕ್ಟರು. ಅಷ್ಟು ಹೊತ್ತು ಯಾರ ಹತ್ರಾನೂ ಬಾಯೇ ಬಿಟ್ಟಿಲ್ಲ ನೋಡಿ!"

ಯಾಕೆ ಬಿಡಲಿಲ್ಲ ಅಂತ ನನಗೆ ಗೊತ್ತು. ಕಾರಿನಲ್ಲಿ ಕೂತು ಅತ್ತೆ. ಇವರಿಗೂ ಹೇಳಿಲ್ಲ. ಭಯ ಆಗುತ್ತಿದೆ, ತುಂಬಾ ಭಯ.

ಜೂನ್ ೧. ಎಂಬತ್ತೊಂಬತ್ತನೇ ದಿನ
ಆಫೀಸಿಗೆ ಕರೆದರು. ದೇವೇಂದ್ರಪ್ಪನವರ ಮಗ ಸುಜಯ್ ಅಲ್ಲಿ ಕೂತಿದ್ದ. ಅವತ್ತಿನ ಕ್ಯಾಮೆರಾ ಟೇಪ್ ಹಾಕಿದರು — ಚಿತ್ರ ಮಾತ್ರ, ದನಿ ಇಲ್ಲ. ತೊಡೆ ಹಿಡಿದದ್ದು. ನನ್ನ ಕಡೆ ತಿರುಗಿದ್ದು.

"ಅಪ್ಪ ಏನೋ ಅಂದಾರ ಅಕ್ಕಾ ಇಲ್ಲಿ. ಏನಂತ ಕೇಳಿದ್ರ ಅವರೂ ಹೇಳವಲ್ರು," ಅಂದ.

ನಾನು ಕನ್ನಡದಲ್ಲಿ ಉತ್ತರಿಸಲಿಲ್ಲ. ಮ್ಯಾನೇಜರ್ ಮುಖ ನೋಡಿ ಇಂಗ್ಲಿಷಿನಲ್ಲೇ ಹೇಳಿದೆ: "ಹಿ ಸೆಡ್ ಕಾಲ್."

ಮ್ಯಾನೇಜರ್ ಬರೆದುಕೊಂಡ. ಸುಜಯ್ ಬರೆಯುವುದನ್ನೇ ನೋಡುತ್ತಿದ್ದ. ಆಮೇಲೆ ಅವನ ತುಟಿ ಅಲ್ಲಾಡಿತು — "ಕಾಲ್... ಕಾಲು?"

ಎದ್ದು ನಿಂತ. ನಾನು ತಲೆ ತಗ್ಗಿಸಿದೆ; ಅವನಿಗೆ ಅರ್ಥವಾಗಿತ್ತು.