ಕಿರೀನಿಯಾದ ಬಂದರಿಗೆ ಹೋಗಿದ್ದೆ

ಲಾರ್ನಕಾ
೧೧ ಮೇ ೨೦೦೩

ನನ್ನ ಮುದ್ದು ತಂಗಿ ಆಂದ್ರೂಲಾ,

ನಿನ್ನೆ ಫೋನಿನಲ್ಲಿ ಮಂಡಿನೋವು, ಚರ್ಚು ಬಿಟ್ಟು ಎಲ್ಲೂ ಹೋಗಲಿಲ್ಲ ಅಂದೆನಲ್ಲ, ಅದು ಸುಳ್ಳು. ಅಮ್ಮ ಪಕ್ಕದಲ್ಲೇ ಕೂತಿದ್ದಳು. ಶುಕ್ರವಾರ ನಾನು ಗಡಿ ದಾಟಿ, ತುರ್ಕರ ಸೇನೆ ಹಿಡಿದುಕೊಂಡ ನಮ್ಮ ಕಿರೀನಿಯಾಕ್ಕೆ ಹೋಗಿದ್ದೆ.

ಕಳೆದ ತಿಂಗಳು ಗಡಿ ತೆರೆದ ದಿನದಿಂದ ಅಮ್ಮನದು ಒಂದೇ ಹಟ: "ಹೋಗಬೇಡ ಕಣೇ. ನೀನು ಯಾರನ್ನಾದ್ರೂ ಕೇಳ್ತೀಯ, ಅವರು ಏನಾದ್ರೂ ಹೇಳಿಬಿಡ್ತಾರೆ." ಇಪ್ಪತ್ತೊಂಬತ್ತು ವರ್ಷ ಅಪ್ಪನಿಗಾಗಿ ಕಾದವಳು ಹೀಗಂದರೆ ಏನು ಮಾಡಲಿ? ಚರ್ಚಿಗೆ ಅಂತ ಹೇಳಿ ಹೊರಟೆ.

ಸಾಲಿನಲ್ಲಿ ಐದು ಗಂಟೆ ನಿಂತೆ. ಕೈಯಲ್ಲಿದ್ದ ಪಾಸ್‌ಪೋರ್ಟು ಬೆವರಿಗೆ ಮೆತ್ತಗಾಗಿತ್ತು. ಬಂದರಿನ ಕೋಟೆ ಇದ್ದ ಹಾಗೇ ಇದೆ. ಅಪ್ಪ ದೋಣಿ ರಿಪೇರಿ ಮಾಡುತ್ತಿದ್ದ ಕಮಾನಿನ ಕೆಳಗೆ ಈಗ ಹೋಟೆಲು. ಕಾಫಿ ತರಿಸಿದೆ.

ಅಲ್ಲೇ ಬಲೆ ಹೊಲಿಯುತ್ತಿದ್ದ ತುರ್ಕರ ಮುದುಕನೊಬ್ಬ ದಿಟ್ಟಿಸಿ ನೋಡಿ, ನಮ್ಮ ಗ್ರೀಕಿನಲ್ಲೇ ಕೇಳಿದ: "ನೀನು ಯಾಕೋವಿಸ್ ಮಗಳಲ್ವೇನಮ್ಮಾ? ಆ ಮೊಂಡು ಮೂಗು ಇನ್ಯಾರಿಗಿರತ್ತೆ!" ಹೆಸರು ನಿದಾಯಿ. ಅಪ್ಪನ ಜೊತೆ ಕೆಲಸ ಮಾಡಿದ್ದವನಂತೆ.

ಬಾಂಬು ಬೀಳುತ್ತಿದ್ದ ಆ ದಿನ, ಊರು ಬಿಡಲು ನಾವೆಲ್ಲ ಬಸ್ಸು ಹತ್ತಿದ ಮೇಲೆ ಅಪ್ಪ ಇಳಿದು ಬಂದರಿಗೆ ವಾಪಸು ಹೋಗಿದ್ದು ದೋಣಿಯ ಕಾಗದಪತ್ರಕ್ಕೆ ಅಂತ ಅಮ್ಮ ಹೇಳುತ್ತಿದ್ದಳಲ್ಲ? ಅಲ್ಲವೇ ಅಲ್ಲ. ನಿದಾಯಿಯ ತಾಯಿಯನ್ನೂ ತಂಗಿಯನ್ನೂ ದೋಣಿಯಲ್ಲಿ ದಾಟಿಸುವುದಕ್ಕೆ.

"ಹಗ್ಗ ಬಿಚ್ಚಿದವನು ನಾನೇ," ಅಂದ. "ಕೋಟೆ ದಾಟಿತ್ತಷ್ಟೇ, ಶೆಲ್ ಬಿತ್ತು. ಕಣ್ಣೆದುರಿಗೇ ಮುಳುಗಿಹೋಯ್ತು. ಮೂವರಲ್ಲಿ ಒಬ್ಬರೂ ಮೇಲೆ ಬರಲಿಲ್ಲ ಮಗಳೇ. ನೀವೇನು ಇನ್ನೂ ಕಾಯ್ತಾ ಇದ್ದೀರಾ?"

ಹೂಂ ಅಂದೆ. ಅವನು ಬಲೆ ಕೆಳಗಿಟ್ಟು ನನ್ನ ತಲೆ ಸವರಿದ. ಇಬ್ಬರೂ ಅತ್ತೆವು. ಪ್ರವಾಸಿಗರು ತಿರುಗಿ ತಿರುಗಿ ನೋಡಿದರು.

ಈಗ ಅಮ್ಮನಿಗೆ ಹೇಗೆ ಹೇಳಲಿ? ಎರಡು ದಿನದಿಂದ ಅವಳ ಮುಖ ನೋಡಲಾಗದೆ ಅಡುಗೆಮನೆಯಲ್ಲೇ ಅಡಗಿದ್ದೇನೆ. ಹೇಳಿದರೆ ಆ ಎಪ್ಪತ್ತೆಂಟರ ಜೀವ ತಡೆದೀತೇ? ಹೇಳದಿದ್ದರೆ ಇವತ್ತೂ ಬಾಗಿಲಿಗೆ ಚಿಲಕ ಹಾಕಲು ಬಿಡುವುದಿಲ್ಲ. ಅಪ್ಪ ಬಂದರೆ ಅಂತ. ನನಗೆ ಏನೂ ತೋಚುತ್ತಿಲ್ಲ. ಲಂಡನ್ನಿನಿಂದ ನೀನೇ ಬಂದುಬಿಡೇ.

ದಿಕ್ಕುತೋಚದ ನಿನ್ನ ಅಕ್ಕ,
ಕ್ರಿಸ್ತಾಲಾ

ಮತ್ತೆ: ಲಕೋಟೆ ಅಂಟಿಸುತ್ತಿದ್ದಾಗ ಅಮ್ಮ ಬಂದು ಎದುರಿಗೆ ಕೂತಳು. ನಾನು ಬಾಯಿ ತೆರೆಯುವ ಮೊದಲೇ, "ನಿದಾಯಿ ಬದುಕಿದ್ದಾನಾ?" ಅಂತ ಕೇಳಿದಳು. ಆ ಹೆಸರನ್ನು ನಾನು ಮನೆಯಲ್ಲಿ ಎತ್ತಿಯೇ ಇಲ್ಲ, ಆಂದ್ರೂಲಾ. ತಲೆಯಾಡಿಸಿದೆ. ಲಕೋಟೆಯನ್ನು ಪಕ್ಕಕ್ಕೆ ಸರಿಸಿ ಅಂದಳು: "ಅವನ ತಾಯೀನ ಬಿಟ್ಟು ಬರಬೇಡಿ ಅಂತ ನಾನೇ ನಿಮ್ಮಪ್ಪನ್ನ ಬಸ್ಸಿಂದ ಇಳಿಸಿದ್ದು."